ಗಾಲಿಯ ಮುಂದಿನ ಚಪ್ಪಲಿ

ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷ. ಆ ಕರೆ ಬಂದ ಹೊತ್ತು ನನ್ನ ಫೋನಿನಲ್ಲಿ ಬಹಳ ದಿನ ಹಾಗೆಯೇ ಉಳಿದಿತ್ತು, ಅಳಿಸಲು ಮನಸ್ಸಾಗಲಿಲ್ಲ. ಶಾಲೆಯ ಕಚೇರಿಯಲ್ಲಿ ಕೆಲಸ ಮುಗಿಸಿ ಮುಂಬೈಯ ಮುಲುಂಡ್ ಸ್ಟೇಶನ್ನಿನ ಹೊರಗೆ ಮೆಂತ್ಯಪಲ್ಲೆ ಕೊಳ್ಳುತ್ತ ನಿಂತಿದ್ದೆ. ಆ ಕಡೆಯಿಂದ ನನ್ನ ಗಂಡ, ಊರಲ್ಲಿ ಮಳೆ ಬಂತು ಎಂದು ಹೇಳುವಷ್ಟೇ ಸಾವಕಾಶವಾಗಿ, "ನಮ್ಮ ಜಾಗಾಕ್ಕ ತಗಡ ಹೊಡದಾರ," ಎಂದರು.

ನಮ್ಮ ಜಾಗ ಅಂದರೆ ನಮ್ಮ ಸ್ವಂತದ್ದೇನಲ್ಲ. ಹೆದ್ದಾರಿಯ ಮಗ್ಗುಲಲ್ಲಿ ಲಾರಿ ತೂಗುವ ಒಂದು ಕಾಟಾ ಇದೆ, ಅದರ ಹಿಂದಿನ ಖಾಲಿ ಬಯಲು. ಮೂರು ವರ್ಷದಿಂದ ಅವರು ವಿಜಯಪುರದಿಂದ ಒಣದ್ರಾಕ್ಷಿಯ ಪೆಟ್ಟಿಗೆ ತುಂಬಿಕೊಂಡು ಬಂದಾಗಲೆಲ್ಲ ಹತ್ತು ಗಾಲಿಯ ಲಾರಿಯನ್ನು ಅಲ್ಲಿಯೇ ನಿಲ್ಲಿಸುತ್ತಿದ್ದರು. ಅಂದು ಬಂದು ನೋಡಿದರೆ ಬಯಲಿನ ಸುತ್ತ ನೀಲಿ ತಗಡು, ಒಳಗೆ ಅಗೆಯುವ ಯಂತ್ರ. ಬಿಲ್ಡಿಂಗ್ ಏಳಲಿತ್ತು. ಐದು ಗಂಟೆಗೆ ಊರಿನ ರಸ್ತೆಗಳು ದೊಡ್ಡ ಗಾಡಿಗಳಿಗೆ ಮುಚ್ಚುತ್ತವೆ. ಆಮೇಲೆ ರಾತ್ರಿಯವರೆಗೆ ಎಲ್ಲಿದ್ದರೂ ರಸ್ತೆ ಬಿಟ್ಟು ಸರಿದು ನಿಲ್ಲಬೇಕು. ತುಂಬಿದ ಲಾರಿಯೊಂದಿಗೆ ಅವರಿಗೆ ಉಳಿದದ್ದು ಎಂಟು ನಿಮಿಷ.

ನಾನು ಬಿ.ಎ.ಯಲ್ಲಿ ಭೂಗೋಳ ಓದಿದವಳು. ಮದುವೆಯಾಗಿ ಈ ಊರಿಗೆ ಬಂದಾಗ ಮುಂಬೈಯ ನಕ್ಷೆಯನ್ನು ಸಮುದ್ರ, ನೆಲದೊಳಗೆ ಚಾಚಿದ ಉಪ್ಪುನೀರಿನ ಖಾರಿ, ರೈಲುದಾರಿ ಎಂದು ಓದುತ್ತಿದ್ದೆ. ಏಳು ವರ್ಷದಲ್ಲಿ ಅದು ಬೇರೆಯೇ ನಕ್ಷೆಯಾಯಿತು. ಎಲ್ಲಿ ನಿಲ್ಲಿಸಿದರೆ ಬ್ಯಾಟರಿ ಬಿಚ್ಚುತ್ತಾರೆ, ಎಲ್ಲಿ ತಾಡಪತ್ರಿ ಕೊಯ್ಯುತ್ತಾರೆ, ಎಲ್ಲಿ ಹವಾಲ್ದಾರ ಬಂದು ಲಾಠಿಯಿಂದ ಬಾಗಿಲು ತಟ್ಟುತ್ತಾನೆ, ಎಲ್ಲಿ ಒಂದು ದೀಪವಾದರೂ ಇರುತ್ತದೆ. ಅಷ್ಟು ದೊಡ್ಡ ಊರಿನಲ್ಲಿ ಒಂದು ಲಾರಿ ರಾತ್ರಿ ಕಳೆಯಬಹುದಾದ ಜಾಗಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಕಾಟಾದಿಂದ ನಮ್ಮ ಚಾಳಿಗೆ ನಡೆದು ಬಂದರೆ ಕಾಲು ತಾಸು. ಅವರು ಬರುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಬಿಸಿ ಭಕ್ಕರಿ ಉಣ್ಣುತ್ತಿದ್ದರು, ತಿರುಗಿ ಹೋಗುತ್ತಿದ್ದರು. ತುಂಬಿದ ಲಾರಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಮನೆಯೂ ಇತ್ತು, ಹಾಸಿಗೆಯೂ ಇತ್ತು. ಮಲಗುವುದು ಮಾತ್ರ ಲಾರಿಯಲ್ಲಿ. ಪಕ್ಕದ ಕೋಣೆಯ ಬೆಳಗಾವಿಯ ಅಜ್ಜಿಗೆ ಇದು ದಿನದ ಚೇಷ್ಟೆ. "ನಿನ್ನ ಗಂಡ ಮನಿಗಿ ಬರೂದು ಜಳಕಕ್ಕ. ಮುನಸಿಪಾಲ್ಟಿ ನಳಕ್ಕ ಹೋಗು ಅನ್ನು, ದಾರಿಯಾಗ ಐತಿ," ಎನ್ನುತ್ತಿದ್ದಳು. ನಾನು ನಕ್ಕು, ಆಗಾಗ ಡಬ್ಬಿ ಕಟ್ಟಿಕೊಂಡು ಅವರ ಜೊತೆ ಹೋಗಿ ಕ್ಯಾಬಿನ್ನಿನಲ್ಲೇ ಮಲಗುತ್ತಿದ್ದೆ. ಸೀಟಿನ ಹಿಂದೆ ಒಬ್ಬರಿಗಾಗುವಷ್ಟು ಹಲಗೆ. ಅದಕ್ಕೆ ನಾನೇ ಹೂವಿನ ಪರದೆ ಹೊಲಿದು ಹಾಕಿದ್ದೆ. ಮೇಲೆ ಹತ್ತುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹತ್ತಬೇಕು, ಸೀಟಿನ ಕೆಳಗೆ ಇಡಬೇಕು. ಕ್ಯಾಬಿನ್ನು ಅವರಿಗೆ ಮನೆಯ ಒಳಗೋಣೆ ಇದ್ದ ಹಾಗೆ.

ಆ ಸಂಜೆ ನಾನು ಮೆಂತ್ಯಪಲ್ಲೆ ಬಿಟ್ಟು ಆಟೋ ಹಿಡಿದು ಹೋದೆ. ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಅವರು ಲಾರಿಯ ಹೊಟ್ಟೆಯನ್ನು ಗಟಾರಕ್ಕೆ ಒತ್ತಿ ನಿಲ್ಲಿಸಿದ್ದರು. ಪೊಲೀಸರು ಅಲ್ಲಿಂದ ಏಳಿಸಿದರು. ಮುಂದೆ ಹೋಗಿ ಒಂದು ಶೋರೂಮಿನ ಎದುರು ನಿಂತೆವು, ಅಲ್ಲಿಂದಲೂ ಏಳಿಸಿದರು. ಕೊನೆಗೆ ಸಿಕ್ಕಿದ್ದು ಖಾರಿಯ ಕಡೆಗಿನ ದೀಪವಿಲ್ಲದ ಒಂದು ತುಂಡು ರಸ್ತೆ. ಅವರು ಹಿಂದಿನ ರಾತ್ರಿಯೂ ಗಾಡಿ ಹೊಡೆದಿದ್ದರು. ನಾನು ಎಚ್ಚರ ಇರುತ್ತೇನೆ, ನೀವು ಮಲಗಿ ಎಂದೆ. ಮಲಗಿದವರು ಅರ್ಧ ತಾಸಿನಲ್ಲಿ ಎದ್ದು ಕೂತರು. ಕೆಳಗೆ ಡೀಸಲ್ ಟಾಕಿಯ ಹತ್ತಿರ ಯಾರೋ ಗುಸುಗುಸು ಮಾತಾಡುತ್ತಿದ್ದರು, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಅವರು ಜ್ಯಾಕಿನ ರಾಡು ಹಿಡಿದು ಜಿಗಿದರು. ಓಡುವ ಹೆಜ್ಜೆಗಳ ಸಪ್ಪಳ, ಬೈಕಿನ ಸದ್ದು, ಆಮೇಲೆ ಏನೂ ಇಲ್ಲ. ತಿರುಗಿ ಬಂದಾಗ ಟಾಕಿಯ ಬೀಗ ಮುರಿದಿತ್ತು, ಅವರ ಎಡಗಾಲಿನ ಚಪ್ಪಲಿಯ ಹೆಬ್ಬೆರಳ ಪಟ್ಟಿ ಕಿತ್ತು ಬಂದಿತ್ತು. ಅದಕ್ಕೆ ಒಂದು ತುಂಡು ತಂತಿ ಸುತ್ತಿಕೊಂಡು, ಬೆಳಗಿನವರೆಗೆ ಸ್ಟೇರಿಂಗಿಗೆ ಕೈಯಿಟ್ಟು ಕೂತರು. ನಾನು ಅವರ ಬೆನ್ನಿಗೆ ಕೈಯಿಟ್ಟು ಕೂತೆ.

ಬೆಳಿಗ್ಗೆ ರಸ್ತೆ ಮತ್ತೆ ಮುಚ್ಚುವ ಮೊದಲು ಮುಲುಂಡ್‌ನಲ್ಲಿಯೇ, ಮುಚ್ಚಿದ ವರ್ಕ್‌ಶಾಪುಗಳ ಹಿಂದೆ ಒಂದು ಅಂಗಳವಿದೆ ಎಂದು ಯಾರೋ ಹೇಳಿದ್ದನ್ನು ನೆನಪಿಸಿಕೊಂಡು ಹೋದೆವು. ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು, ಕಬ್ಬಿಣದ ಗೇಟು. ಒಳಗೆ ಒಂದು ಡಜನ್ ಲಾರಿ, ಒಂದರ ಮೂತಿಗೆ ಒಂದರ ಬಾಲ. ಕಾವಲಿಗಿದ್ದವರು ಅರವತ್ತು ದಾಟಿದ, ಬಿಳಿ ಟೋಪಿಯ ಒಬ್ಬ ಮುದುಕರು, ಅಲ್ಲಿನವರಿಗೆಲ್ಲ ಕಾಕಾ. ಜಾಗವಿಲ್ಲ ಎಂದು ಹಿಂದಿಯಲ್ಲಿ ಕೈಯಾಡಿಸುತ್ತಿದ್ದವರು, ನಾವಿಬ್ಬರು ಮಾತಾಡಿಕೊಂಡದ್ದು ಕಿವಿಗೆ ಬಿದ್ದು ಹತ್ತಿರ ಬಂದರು. ಯಾವ ಊರು ಎಂದು ಕೇಳಿದರು. ತಮ್ಮದು ಸಿಂದಗಿ ಕಡೆ ಎಂದರು. ಅಷ್ಟು ಸಾಕಾಯಿತು.

"ಎರಡು ಗಂಟೆತನಕ ಬಿಡ್ತೀನಿ. ಕೀಲಿ ಕೊಟ್ಟು ಮಕ್ಕೋ ತಮ್ಮಾ. ನಿನ್ನ ಕಣ್ಣ ನೋಡಿದ್ರ ನಿಂತಲ್ಲೇ ಬೀಳಾಂವ ಕಾಣಸ್ತಿ."

ಆ ಅಂಗಳದಲ್ಲಿ ಕೀಲಿ ಕೊಡುವುದೇ ನಿಯಮ. ಲಾರಿಗಳು ಅಷ್ಟು ಒತ್ತಾಗಿ ನಿಲ್ಲುವುದರಿಂದ ಹಿಂದಿನದು ಹೊರಡಬೇಕಾದರೆ ಮುಂದಿನದನ್ನು ಸರಿಸಬೇಕು. ಮಲಗಿದವರನ್ನು ಏಳಿಸುವುದು ಬೇಡವೆಂದು ಕಾಕಾ ತಾವೇ ಹತ್ತಿ ಸರಿಸುತ್ತಿದ್ದರು. ಒಂದು ಹಲಗೆಗೆ ಮೊಳೆ ಹೊಡೆದು ಕೀಲಿಗಳನ್ನು ಸಾಲಾಗಿ ತೂಗುಹಾಕಿದ್ದರು. ನಮ್ಮ ಕೀಲಿಯನ್ನೂ ಅಲ್ಲಿ ಹಾಕಿದರು. ಬೈಕುಲ್ಲಾದ ಗೋದಾಮಿನಿಂದ ಫೋನು ಬಂತು: ಹಮಾಲರು ಮಧ್ಯಾಹ್ನದ ಮೇಲೆಯೇ ಬರುವುದು, ಅವಸರವಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವರ ಭುಜ ಕೆಳಗಿಳಿದದ್ದನ್ನು ನಾನು ನೋಡಿದೆ.

ಬಿಸಿಲೇರುತ್ತಿತ್ತು, ಕ್ಯಾಬಿನ್ನು ಒಲೆಯಾಗಿತ್ತು. ಅವರು ಚಾಪೆ ತೆಗೆದುಕೊಂಡು ಲಾರಿಯ ಕೆಳಗೆ ಹೋದರು. ಅವರು ಹಾಗೆ ಮಲಗುವುದನ್ನು ನಾನು ನೋಡಿದ್ದು ಅಂದೇ ಮೊದಲು. ನಾನು ಜೊತೆಗಿರುತ್ತಿದ್ದದ್ದು ರಾತ್ರಿ, ರಾತ್ರಿಯಾದರೆ ಇಬ್ಬರೂ ಮೇಲೆ. ಹಿಂಗಾಲಿಯ ಮುಂದೆ ಅಡ್ಡಲಾಗಿ ಚಾಪೆ ಹಾಸಿ, ತೋಳು ಕಣ್ಣಿಗಡ್ಡ ಇಟ್ಟು, ಮಾತು ಮುಗಿಯುವ ಮೊದಲೇ ನಿದ್ದೆ ಹೋದರು. ನಾನು ಅಲ್ಲೇ ಕೂತು ಸ್ವಲ್ಪ ಹೊತ್ತು ಆ ಉಸಿರನ್ನು ಕೇಳಿದೆ. ಮನೆಗೆ ಹೋಗಿ ಅಡಿಗೆ ಮಾಡಿ ತರೋಣ ಎಂದು ಎದ್ದಾಗ ಅವರ ಚಪ್ಪಲಿ ಕಂಡವು. ಎಡಬದಿಯ ಮುಂಗಾಲಿಯ ಮುಂದೆ, ತುದಿಗೆ ತುದಿ ಹೊಂದಿಸಿ, ಒಪ್ಪವಾಗಿ ಜೋಡಿಸಿಟ್ಟಿದ್ದರು. ನನಗೆ ನಗು ಬಂತು. ಮನೆಯಲ್ಲಿ ಒಂದು ಬಾಗಿಲ ಬಳಿ, ಇನ್ನೊಂದು ಅಜ್ಜಿಯ ತುಳಸಿ ಡಬ್ಬಿಯ ಬಳಿ ಬಿಡುವ ಮನುಷ್ಯ ಇಲ್ಲಿ ಇಷ್ಟು ಶಿಸ್ತು.

ಎಡಗಾಲಿನದಕ್ಕೆ ತಂತಿ ಹಾಗೇ ಸುತ್ತಿತ್ತು. ಅದು ಅವರ ಹೆಬ್ಬೆರಳ ಸಂದಿಯನ್ನು ಕೊರೆದದ್ದನ್ನು ಬೆಳಿಗ್ಗೆ ನೋಡಿದ್ದೆ. ಗೇಟಿನ ಹೊರಗೆ ಓಣಿಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನೊಬ್ಬ ಛತ್ರಿ ಬಿಚ್ಚಿ ಕೂತಿದ್ದ. ಎದ್ದಾಗ ಹಾಕಿಕೊಳ್ಳಲಿ ಎಂದು ನಾನು ಆ ಜೋಡಿಯನ್ನು ಎತ್ತಿಕೊಂಡು ಹೋದೆ. ಕಾಕಾ ಆಗ ಒಳಗಿನ ಮೂಲೆಯಲ್ಲಿ ಮುಖ ತೊಳೆಯುತ್ತಿದ್ದರು, ನನ್ನನ್ನು ನೋಡಲಿಲ್ಲ.

ಹನ್ನೊಂದಕ್ಕೆ ರಸ್ತೆ ತೆರೆಯುತ್ತದೆ. ಅದಕ್ಕೆ ಮುಂಚಿನ ಹದಿನೈದು ನಿಮಿಷ ಆ ಅಂಗಳದಲ್ಲಿ ನಾಲ್ಕೈದು ಇಂಜಿನ್ನು ಒಟ್ಟಿಗೆ ಗುಡುಗುತ್ತವೆ, ಎಲ್ಲರಿಗೂ ಮೊದಲು ಹೊರಡುವ ಆತುರ. ಹೊಲಿಯುವವನು ಬಲದ ಚಪ್ಪಲಿ ಚೆನ್ನಾಗಿದೆ ಎಂದು ಬದಿಗಿಟ್ಟ. ಅದನ್ನು ಚೀಲಕ್ಕೆ ಹಾಕಿಕೊಂಡೆ. ಎಡದ್ದನ್ನು ತೊಡೆಯ ಮೇಲೆ ಮಗುಚಿ, ತಂತಿ ಬಿಚ್ಚಿ, ಎರಡು ಹೊಲಿಗೆ ಹಾಕಿ ಮೂರನೆಯದಕ್ಕೆ ದಬ್ಬಣ ಚುಚ್ಚಿದ. ಆಗ ಗೇಟಿನ ಒಳಗಿನಿಂದ ಒಂದು ಸದ್ದು ಕೇಳಿತು, ಕೀ ಎಂದು ಬಿಡದೆ ಕೂಗುವ ಸದ್ದು. ಎಷ್ಟು ಲಾರಿಯಿದ್ದರೂ ನಮ್ಮದರ ಆ ಬಜರನ್ನು ನಾನು ಗುರುತಿಸಬಲ್ಲೆ. ಅದು ಸ್ವಲ್ಪ ಒಡಕು ದನಿ.

ಅದರ ಅರ್ಥವನ್ನು ಅವರೇ ಒಮ್ಮೆ ಹೇಳಿಕೊಟ್ಟಿದ್ದರು. ಬಹಳ ಹೊತ್ತು ನಿಂತ ಲಾರಿಯ ಬ್ರೇಕಿನಲ್ಲಿ ಹವಾ ಇಳಿದಿರುತ್ತದೆ. ಇಂಜಿನ್ನು ಚಾಲೂ ಮಾಡಿ ಹವಾ ತುಂಬುವವರೆಗೆ ಬಜರು ಕೂಗುತ್ತದೆ, ಗಾಲಿ ಸಡಿಲಾಗುವುದಿಲ್ಲ. "ನಿಮ್ಮವ್ವ ಚಾ ಕುಡೀಲಾರದ ಏಳ್ತಾಳೇನು? ಹಂಗ ಇದೂ," ಎಂದು ನನ್ನ ತವರನ್ನು ಎಳೆದಿದ್ದರು. ಎರಡು ನಿಮಿಷ ಬೇಕು, ಕೆಲವೊಮ್ಮೆ ಮೂರು. ಸದ್ದು ನಿಂತಿತೆಂದರೆ ಗಾಡಿ ಸಿದ್ಧ.

ಮೊದಲು ನಾನು ಅವರೇ ಎದ್ದರು ಎಂದುಕೊಂಡೆ. ಉಣ್ಣದೆ ಹೊರಟರೇ ಎಂದು ಸಿಟ್ಟೂ ಬಂತು. ಬರಿಗಾಲಲ್ಲಿ ಹತ್ತಿದರೇ ಎಂದು ಗೇಟಿನ ಕಡೆ ತಿರುಗಿ ನೋಡಿದೆ. ಸ್ಟೇರಿಂಗಿನ ಹಿಂದೆ ಬಿಳಿ ಟೋಪಿಯಿತ್ತು.

ಹೊಲಿಯುವವನ ಕೈಯಿಂದ ಚಪ್ಪಲಿ ಕಿತ್ತುಕೊಂಡು ಓಡಿದೆ. ಯಾಕೆ ಕಿತ್ತುಕೊಂಡೆನೋ ಗೊತ್ತಿಲ್ಲ. ದಾರ ಹಿಂದಿನಿಂದ ಎಳೆದುಕೊಂಡು ಬರುತ್ತಿತ್ತು. ಓಣಿಯಿಂದ ಗೇಟಿಗೆ ಐವತ್ತು ಹೆಜ್ಜೆ ಇರಬಹುದು. ಬಜರು ಕೂಗುತ್ತಲೇ ಇತ್ತು. ಕೂಗು, ಕೂಗುತ್ತಿರು ಎಂದು ನಾನು ಅದಕ್ಕೆ ಹೇಳುತ್ತಿದ್ದೆ. ಗೇಟು ದಾಟುವಷ್ಟರಲ್ಲಿ ಅದು ನಿಂತಿತು.

ಆ ಸದ್ದು ನಿಂತ ಮೇಲಿನ ಹೊತ್ತನ್ನು ನಾನು ಇವತ್ತಿಗೂ ಅಳೆಯಲಾರೆ. ಉಳಿದ ಇಂಜಿನ್ನುಗಳೆಲ್ಲ ಗುಡುಗುತ್ತಲೇ ಇದ್ದಿರಬೇಕು, ನನಗೆ ಕೇಳಿಸಲಿಲ್ಲ. ನಾನು ನನ್ನ ಗಂಡನ ಹೆಸರು ಹಿಡಿದು ಕೂಗಿದೆ. ಏಳು ವರ್ಷದಲ್ಲಿ ಒಮ್ಮೆಯೂ ಅವರ ಎದುರು ಆ ಹೆಸರು ಹೇಳಿದವಳಲ್ಲ. ಲಾರಿ ಒಂದು ಗೇಣು ಮುಂದೆ ಬಂದು, ಜರ್ಕು ಹೊಡೆದು ನಿಂತಿತು. ಕಾಕಾ ನನ್ನ ಮುಖ ನೋಡಿಯೇ ಬ್ರೇಕು ಒತ್ತಿದ್ದರು. ಕೆಳಗಿನಿಂದ ನನ್ನ ಗಂಡ ಉರುಳಿಕೊಂಡು ಹೊರಗೆ ಬಂದರು, ಮೈಗೆಲ್ಲ ಮಣ್ಣು. ಚಾಪೆಯ ಅಂಚು ಹಿಂಗಾಲಿಯ ಕೆಳಗೆ ಸಿಕ್ಕಿತ್ತು.

ಅವರಿಗೆ ಏನೂ ಆಗಿರಲಿಲ್ಲ. ಇದನ್ನು ನಾನು ಈಗಲೂ ದಿನಕ್ಕೊಮ್ಮೆ ನನಗೇ ಹೇಳಿಕೊಳ್ಳುತ್ತೇನೆ.

ಕ್ಷಣದಲ್ಲಿ ಹತ್ತು ಜನ ಡ್ರೈವರುಗಳು ಸೇರಿದರು. ಕಾಕಾ ಕೆಳಗಿಳಿಯಲೂ ಬಿಡದೆ ಒಬ್ಬ ಅವರ ಅಂಗಿಯ ಕಾಲರು ಹಿಡಿದ. ನನಗೆ ಅವರ ಜಗಳದ ತಲೆಬುಡ ತಿಳಿಯಲಿಲ್ಲ. ಎಲ್ಲರೂ ಚಪ್ಪಲಿ, ಚಪ್ಪಲಿ ಎನ್ನುತ್ತಿದ್ದರು.

"ಚಪ್ಪಲಿ ಇರಲಿಲ್ಲೋ ಯಪ್ಪಾ. ಗಾಲಿ ಮುಂದ ನೋಡೇ ಹತ್ತೀನಿ," ಎಂದರು ಕಾಕಾ.

"ಇಟ್ಟಿದ್ದೆ ಕಾಕಾ," ಎಂದರು ನನ್ನ ಗಂಡ. ಅವರ ದನಿ ಇನ್ನೂ ನಿದ್ದೆಯಲ್ಲಿತ್ತು. "ಎಡಕಿನ ಗಾಲಿ ಮುಂದ. ಯಾವಾಗೂ ಇಡ್ತೀನಿ."

ಆಗ ತಿಳಿಯಿತು. ಕ್ಯಾಬಿನ್ನಿನಲ್ಲಿ ಮಲಗಿದವರ ಚಪ್ಪಲಿ ಒಳಗಿರುತ್ತದೆ. ಗಾಲಿಯ ಮುಂದೆ ಚಪ್ಪಲಿ ಇದ್ದರೆ ಕೆಳಗೆ ಮನುಷ್ಯನಿದ್ದಾನೆ, ಗಾಡಿ ಮುಟ್ಟಬೇಡ ಎಂದರ್ಥ. ಯಾವ ಭಾಷೆಯ ಡ್ರೈವರಾದರೂ ಓದಬಲ್ಲ ಫಲಕ ಅದು. ಅದು ಎಲ್ಲರಿಗೂ ಎಷ್ಟು ಗೊತ್ತಿದ್ದ ವಿಷಯವೆಂದರೆ ನನಗೆ ಹೇಳಬೇಕೆಂದು ಅವರಿಗೆ ತೋಚಿಯೇ ಇರಲಿಲ್ಲ. ಒಪ್ಪವಾಗಿ ಜೋಡಿಸಿಟ್ಟದ್ದನ್ನು ನೋಡಿ ನಕ್ಕು, ಆ ಫಲಕವನ್ನು ಕಿತ್ತುಕೊಂಡು ಹೋದವಳು ನಾನು.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆಗ ಕಾಲರು ಹಿಡಿದಿದ್ದವನ ಮುಖ ಕಂಡಿತು. ನಾನು ಮಾಡಿದ್ದು ಇಷ್ಟು: ಜನರ ಹಿಂದಿನಿಂದ ಸುತ್ತಿ ಹೋಗಿ, ದಾರವನ್ನು ಹಲ್ಲಿನಿಂದ ಕಡಿದು, ಎರಡೂ ಚಪ್ಪಲಿಯನ್ನು ಅದೇ ಎಡ ಮುಂಗಾಲಿಯ ಮುಂದೆ ಇಟ್ಟೆ. ಎಲ್ಲಿಂದ ಎತ್ತಿದ್ದೆನೋ ಅಲ್ಲಿ ಇಟ್ಟುಬಿಟ್ಟರೆ ಎಲ್ಲವೂ ಮೊದಲಿನ ಹಾಗೆ ಆಗಿಬಿಡುತ್ತದೆ ಎನ್ನುವಂತೆ. ಕ್ಷಣದಲ್ಲಿ ಒಬ್ಬ ಅದನ್ನು ನೋಡಿ ಬೊಟ್ಟು ಮಾಡಿ, ಮತ್ತೆ ಇದೇನು, ಮುದುಕನಿಗೆ ಕಣ್ಣು ಹೋಗಿದೆ ಎಂದು ಹಿಂದಿಯಲ್ಲಿ ಕೂಗಿದ. "ಯೇ ಕ್ಯಾ ಹೈ ಫಿರ್? ಅಂಧಾ ಹೋ ಗಯಾ ಬುಡ್ಢಾ."

ಕಾಕಾ ಚಪ್ಪಲಿಗಳನ್ನು ನೋಡಿದರು. ವಾದ ಮಾಡುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು. ಟೋಪಿ ತೆಗೆದು, ಅದರಿಂದಲೇ ಕಣ್ಣೊರೆಸಿಕೊಂಡು, ಮತ್ತೆ ನೋಡಿದರು.

ಆ ಮಧ್ಯಾಹ್ನ ನನ್ನ ಗಂಡ ಬೈಕುಲ್ಲಾಕ್ಕೆ ಹೋಗಿ ಪೆಟ್ಟಿಗೆ ಇಳಿಸಿ, ಬೇರೆ ಸರಕು ತುಂಬಿ ಊರಿನ ದಾರಿ ಹಿಡಿದರು. ಹೊರಡುವ ಮುನ್ನ ನಗಲು ನೋಡಿದರು. "ಹೆಸರ ಹಿಡದು ಕರದಿ. ಪೊಲೀಸರ ಬಂದ್ರು ಅನಕೊಂಡೆ," ಎಂದರು. ನಾನು ನಗಲಿಲ್ಲ. ಅವರ ಚಪ್ಪಲಿಯ ಕಡೆ ನೋಡಲೂ ಇಲ್ಲ.

ಅಂದಿನಿಂದ ನನ್ನ ನಿದ್ದೆ ಹೋಯಿತು. ವಿಚಿತ್ರವೆಂದರೆ ನನ್ನನ್ನು ಎಬ್ಬಿಸುತ್ತಿದ್ದದ್ದು ಸದ್ದಲ್ಲ. ಸದ್ದಿನಲ್ಲೇ ಬೆಳೆದ ಚಾಳು ಅದು. ಲೋಕಲ್ ರೈಲು ಹೋಗುತ್ತದೆ, ಕುಕ್ಕರು ಕೂಗುತ್ತದೆ, ಯಾರೋ ಟಿವಿ ಹಾಕಿರುತ್ತಾರೆ. ಅದಕ್ಕೇನೂ ಆಗುತ್ತಿರಲಿಲ್ಲ. ಸದ್ದು ನಿಂತರೆ ಆಗುತ್ತಿತ್ತು. ಪಂಪಿನ ಮೋಟರು ನಿಂತರೆ, ಅಜ್ಜಿಯ ಮಿಕ್ಸರು ನಿಂತರೆ, ಫ್ರಿಜ್ಜು ನಡುಗಿ ಸುಮ್ಮನಾದರೆ ನಾನು ಎದ್ದು ಕೂತಿರುತ್ತಿದ್ದೆ, ಗಾಡಿ ಜರುಗಿತು ಎಂದು. ಶಾಲೆಯಲ್ಲಿ ಗಂಟೆ ಬಾರಿಸುವುದು ನಿಂತಾಗ ಒಮ್ಮೆ ಕೈಯಲ್ಲಿದ್ದ ರಜಿಸ್ಟರು ಕೆಳಗೆ ಬಿತ್ತು. ಕಣ್ಣು ಮುಚ್ಚಿದರೆ ಆ ಐವತ್ತು ಹೆಜ್ಜೆ. ಹೊಲಿಯುವವನ ಮುಂದೆ ಇನ್ನೊಬ್ಬ ಗಿರಾಕಿ ಇದ್ದಿದ್ದರೆ, ನಾನು ಬೆನ್ನು ತಿರುಗಿಸಿ ಕೂತಿದ್ದರೆ, ಹವಾ ಇನ್ನಷ್ಟು ಬೇಗ ತುಂಬಿದ್ದರೆ. ಪ್ರತಿ ಸಲವೂ ಅದೇ ಗೇಟು ದಾಟುತ್ತಿದ್ದೆ, ಪ್ರತಿ ಸಲವೂ ಕೊನೆಗೆ ಕಾಣುತ್ತಿದ್ದದ್ದು ಟೋಪಿಯಿಂದ ಕಣ್ಣೊರೆಸಿಕೊಳ್ಳುವ ಮುದುಕರು.

ನನ್ನ ಗಂಡನಿಗೂ ನಿದ್ದೆಯಿರಲಿಲ್ಲ. ದಾರಿಯಿಂದ ಹೊತ್ತಲ್ಲದ ಹೊತ್ತಿಗೆ ಫೋನು ಮಾಡುತ್ತಿದ್ದರು. ಧಾಬಾದಲ್ಲಿ ನಿಲ್ಲಿಸಿದ್ದೇನೆ, ಸುಮ್ಮನೆ ಕೂತಿದ್ದೇನೆ ಎನ್ನುತ್ತಿದ್ದರು. ಕೆಳಗೆ ಮಲಗುವುದನ್ನು ಬಿಟ್ಟಿದ್ದರು, ಮೇಲೆ ಸೆಕೆ. ಎರಡು ರಾತ್ರಿ ನಿದ್ದೆಗೆಟ್ಟ ಮನುಷ್ಯ ಘಟ್ಟ ಇಳಿಯುವುದೆಂದರೆ ಏನೆಂದು ನನಗೆ ಗೊತ್ತು. ಒಂದು ಗಾಲಿಯಿಂದ ಉಳಿಸಿ ಇನ್ನೊಂದಕ್ಕೆ ಕೊಡುತ್ತಿದ್ದೇನೆ ಅನಿಸುತ್ತಿತ್ತು.

ಹನ್ನೊಂದು ದಿನದ ಮೇಲೆ ಬಂದವರು ಮುಂಬೈಯ ಇನ್ನೊಂದು ಮಗ್ಗುಲಿನ ಜೋಗೇಶ್ವರಿಯಲ್ಲಿ, ಚಿಕ್ಕಚಿಕ್ಕ ಕಾರಖಾನೆಗಳಿರುವ ಓಣಿಯಲ್ಲಿ ಲಾರಿ ನಿಲ್ಲಿಸಿದರು. ಮುಲುಂಡ್ ಕಡೆ ಬರಲು ಮನಸ್ಸಿರಲಿಲ್ಲ. ನಾನು ಡಬ್ಬಿ ಹಿಡಿದು ಎರಡು ಲೋಕಲ್ ಬದಲಿಸಿ ಹೋದೆ. ಉಂಡು ಕೈ ತೊಳೆದ ಮೇಲೆ, ಹೂವಿನ ಪರದೆಯ ಅಂಚು ಹಿಡಿದುಕೊಂಡು, ಚಪ್ಪಲಿ ಒಯ್ದವಳು ನಾನು ಎಂದೆ. ತಿರುಗಿ ಇಟ್ಟವಳೂ ನಾನೇ ಎಂದೆ.

ಅವರು ಸೀಟಿನ ಕೆಳಗೆ ಕೈಹಾಕಿ ಎಡಗಾಲಿನ ಚಪ್ಪಲಿ ತೆಗೆದು ನನ್ನ ತೊಡೆಯ ಮೇಲಿಟ್ಟರು. ಹೆಬ್ಬೆರಳ ಪಟ್ಟಿಗೆ ಕರಿ ದಾರದ ಮೂರು ಹೊಲಿಗೆ, ಕೊನೆಯದು ಅರ್ಧಕ್ಕೇ ನಿಂತಿತ್ತು.

"ಮಲಗೂ ಮುಂದ ತಂತಿ ಇತ್ತು. ಎದ್ದಾಗ ಹೊಲಗಿ ಇತ್ತು. ನಾಯಿ ಒಯ್ದಿದ್ರ ಹೊಲದು ತರ್ತಿರಲಿಲ್ಲ."

"ಗೊತ್ತಿದ್ದೂ ಸುಮ್ಮನಿದ್ರೀ?"

"ಅಷ್ಟು ಮಂದಿ ಮುಂದ ನಿನ್ನ ಹೆಂಗ ನಿಲ್ಲಸ್ಲಿ?" ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲಿನ ಧೂಳು ಒರೆಸಿದರು. "ನನ್ನ ಕಾಲ ನೋಡಿ ಒಯ್ದಿ ನೀ. ಅದು ನನಗ ಗೊತ್ತದ. ಆದ್ರ ಆ ಮುದುಕ ಕಣ್ಣೊರೆಸಿಕೊಂಡದ್ದು ಹೋಗವಲ್ದು."

ಅವರಿಗೂ ಅದೇ ಚಿತ್ರ. ಬೇರೆಬೇರೆ ಊರಲ್ಲಿ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಮರುದಿನ ಭಾನುವಾರ. ಪೆಟ್ಟಿಗೆ ಇಳಿಸಿ, ಇಬ್ಬರೂ ಮುಲುಂಡ್‌ನ ಆ ಅಂಗಳಕ್ಕೆ ಹೋದೆವು.

ಕಾಕಾ ಗೇಟಿನ ಪಕ್ಕದ ತಗಡಿನ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದರು. ಹೊಸ ಕನ್ನಡಕ ಹಾಕಿದ್ದರು. ನಮ್ಮನ್ನು ಕಂಡು ಎದ್ದು ನಿಂತು, ಬೈಗುಳಕ್ಕೆ ಸಿದ್ಧರಾದವರ ಹಾಗೆ ಕೈಕಟ್ಟಿಕೊಂಡರು. ತಾವು ಆ ವಾರವೇ ಊರಿಗೆ ಹೋಗುತ್ತಿರುವುದಾಗಿ, ಜಾಗದ ಮಾಲಕರಿಗೆ ಹೇಳಿಯಾಗಿರುವುದಾಗಿ, ಇನ್ನು ಯಾರ ಗಾಡಿಯನ್ನೂ ಮುಟ್ಟುವುದಿಲ್ಲವೆಂದು ಹೇಳಿದರು. ಕಣ್ಣಿನ ಡಾಕ್ಟರಿಗೆ ತೋರಿಸಿದ್ದರಂತೆ. ಓದಲಿಕ್ಕೆ ಕನ್ನಡಕ ಸಾಕು, ದೂರದ ದೃಷ್ಟಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರಂತೆ.

"ಅಂವ ಚಲೋ ಅದಾವ ಅಂದ. ನಾ ಹೆಂಗ ನಂಬಲಿ ತಂಗಿ? ಎದುರ ಇದ್ದ ಚಪ್ಪಲಿ ಕಾಣಲಿಲ್ಲ ನನಗ. ಹನ್ನೆಲ್ಡ ವರ್ಷ ನೋಡಿದ ಕಣ್ಣು."

ನಾನು ಹೇಳಿದೆ. ಮೊದಲಿನಿಂದ, ನಕ್ಕದ್ದರಿಂದ ಹಿಡಿದು, ದಾರ ಕಡಿದು ಇಟ್ಟದ್ದರವರೆಗೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಂದ್ರ ನಾ ಹತ್ತೂ ಮುಂದ ಅಲ್ಲಿ ಚಪ್ಪಲಿ ಇರಲಿಲ್ಲ?"

"ಇರಲಿಲ್ಲ ಕಾಕಾ."

"ಇನ್ನೊಮ್ಮಿ ಹೇಳು."

"ಇರಲಿಲ್ಲ. ನೀವು ನೋಡಿದ್ದು ಖರೇ."

ಅವರು ಹೊರಗೆ ಹೋಗಿ, ಇದ್ದಬದ್ದ ಡ್ರೈವರುಗಳನ್ನೆಲ್ಲ ಕರೆದರು. ಇವಳು ಹೇಳುವುದನ್ನು ಕೇಳಿ ಎಂದರು. ನಾನು ನನ್ನ ಕೆಟ್ಟ ಹಿಂದಿಯಲ್ಲಿ ಎಲ್ಲರೆದುರು ಮತ್ತೆ ಹೇಳಿದೆ. ನನ್ನ ಗಂಡ ಪಕ್ಕದಲ್ಲಿ ನಿಂತಿದ್ದರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅಂದು ಕಾಲರು ಹಿಡಿದವನೂ ಅಲ್ಲಿದ್ದ. ಅವನು ನೆಲ ನೋಡುತ್ತ ಹೋಗಿ ಕಾಕಾನ ಕಾಲು ಮುಟ್ಟಿದ. ನನಗೆ ಯಾರೂ ಏನೂ ಅನ್ನಲಿಲ್ಲ. ಒಬ್ಬ ಮಾತ್ರ, ವಯಸ್ಸಾದವನು, ತನ್ನ ಹೆಂಡತಿಗೂ ಚಪ್ಪಲಿಯ ಈ ಗುರುತನ್ನು ಹೇಳಿಯೇ ಇಲ್ಲ, ಇಂದೇ ಫೋನು ಮಾಡುತ್ತೇನೆ ಎಂದ.

ಜನ ಚದುರಿದ ಮೇಲೆ ಕಾಕಾ ಗಂಟು ಬಿಚ್ಚಿದರು. ಒಳಗಿನಿಂದ ಚಹಾದ ಪಾತ್ರೆ ತೆಗೆದರು. ಸ್ಟೋವು ಹಚ್ಚುತ್ತ, ನಮ್ಮ ಕಡೆ ತಿರುಗದೆ ಹೇಳಿದರು. "ಖರೇ ಅಂದ್ರ ನಂದೂ ತಪ್ಪದ. ಚಪ್ಪಲಿ ನೋಡಿದೆ, ಬಗ್ಗಿ ಮನಷ್ಯಾನ್ನ ನೋಡಲಿಲ್ಲ." ಅಂದಿನಿಂದ ಅವರು ಚಪ್ಪಲಿ ಇರಲಿ ಬಿಡಲಿ, ಯಾವ ಗಾಡಿ ಹತ್ತುವ ಮೊದಲೂ ಮೊಣಕಾಲೂರಿ ಕೆಳಗೆ ನೋಡುತ್ತಾರೆ, ಕೋಲಿನಿಂದ ಅಡಿಯ ಕಬ್ಬಿಣದ ಚಾಸಿಗೆ ಮೂರು ಸಲ ಬಡಿಯುತ್ತಾರೆ. ಮೊಣಕಾಲು ನೋಯುತ್ತದೆ ಎಂದು ದಿನವೂ ನನ್ನ ಹೆಸರಲ್ಲಿ ಗೊಣಗುತ್ತಾರಂತೆ.

ಚಹಾ ಕುಡಿದಾದ ಮೇಲೆ ನನ್ನ ಗಂಡನನ್ನು ಅಂಗಳದ ಹಿಂಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೂಲೆಯಲ್ಲಿ ಗೋಡೆಗೆ ಹತ್ತಿ ಒಂದು ಜಾಗವಿದೆ. ಅಲ್ಲಿ ನಿಂತ ಲಾರಿ ಯಾರ ದಾರಿಗೂ ಅಡ್ಡವಾಗುವುದಿಲ್ಲ, ಯಾರಿಗಾಗಿಯೂ ಸರಿಯಬೇಕಾಗುವುದಿಲ್ಲ. ಮುರಿದ ಡ್ರಮ್ಮುಗಳನ್ನು ತುಂಬಿಟ್ಟಿದ್ದರು. ಮುಂದಿನ ಫೇರಿಗೆ ನೀನು ಬರುವಷ್ಟರಲ್ಲಿ ಅದನ್ನು ಖಾಲಿ ಮಾಡಿಸುತ್ತೇನೆ, ಬಂದಾಗಲೆಲ್ಲ ಇಲ್ಲೇ ನಿಲ್ಲಿಸು ಎಂದರು. ನನ್ನ ಗಂಡ ರೂಢಿಯಂತೆ ಕೀಲಿ ಮುಂದೆ ಚಾಚಿ, ಇದನ್ನು ಆಗ ನಿಮ್ಮ ಹಲಗೆಗೆ ಹಾಕುತ್ತೇನೆ ಎಂದಾಗ ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡರು.

"ನಿನ್ನ ಕೀಲಿ ನಿನ್ನ ಮನ್ಯಾಗ ಇರ್ಲಿ. ಗಾಡಿ ನಾ ಕಾಯ್ತೀನಿ. ನೀ ಹೋಗಿ ಹೆಂಡತಿ ಕಡೆ ಮಕ್ಕೋ."

ಮುಂದಿನ ಸಲ ಅವರು ಬಂದದ್ದು ಒಂದು ಗುರುವಾರ, ಮಧ್ಯಾಹ್ನ ಮೂರಕ್ಕೆ, ರಸ್ತೆ ಮುಚ್ಚುವುದಕ್ಕೆ ಬಹಳ ಮೊದಲೇ. ತುಂಬಿದ ಲಾರಿಯನ್ನು ಗೋಡೆಯ ಮೂಲೆಗೆ ಸೇರಿಸಿ ನಡೆದು ಬಂದರು. ಕೀಲಿಯನ್ನು ನಮ್ಮ ಬಾಗಿಲ ಹಿಂದಿನ ಮೊಳೆಗೆ, ನನ್ನ ಶಾಲೆಯ ಕಾರ್ಡಿನ ಪಕ್ಕ ತೂಗುಹಾಕಿದರು. ಸ್ನಾನವಾಯಿತು, ಊಟವಾಯಿತು. ಹೊರಡುವ ಹೊತ್ತಾಯಿತು ಎನ್ನುವಂತೆ ರೂಢಿಯಲ್ಲಿ ಎದ್ದು ನಿಂತರು, ಮತ್ತೆ ಕೂತರು. ಇಬ್ಬರಿಗೂ ಸ್ವಲ್ಪ ನಾಚಿಕೆಯಾಯಿತು, ಹೊಸದಾಗಿ ಮದುವೆಯಾದವರ ಹಾಗೆ. ಹಾಸಿಗೆ ಹಾಸಿದೆ. ಒಂದು ಸಲ ಹೋಗಿ ನೋಡಿ ಬರಲೇ ಎಂದರು. ಬೇಡ ಎಂದೆ. ಕಾಕಾಗೆ ಫೋನು ಮಾಡಿದರು. ಅತ್ತ ಕಡೆಯಿಂದ, ನಿನ್ನ ಗಾಡಿ ನಿನಗಿಂತ ಚಲೋ ಮಲಗೇದ, ಫೋನ್ ಇಡು ಎಂಬ ಬೈಗುಳ ನನಗೂ ಕೇಳಿಸಿತು.

ಫ್ಯಾನು ತಿರುಗುತ್ತಿತ್ತು. ಅದರ ಸದ್ದಿಗೆ ಕಿವಿಗೊಟ್ಟು, ಇದು ನಿಂತರೆ ಎಂದು ನಾನು ಅಂದುಕೊಂಡದ್ದು ನೆನಪಿದೆ. ಅವರ ಕೈ ನನ್ನ ತಲೆಯ ಕೆಳಗಿತ್ತು. ಮುಂದಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಮೈಯೆಲ್ಲ ಬೆವರು. ಫ್ಯಾನು ನಿಂತಿತ್ತು. ಅವರು ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದರು. ಮೆಲ್ಲಗೆ ಕದ ತೆಗೆದೆ. ಹೊರಗೆ ಅಜ್ಜಿ ಬೀಸಣಿಗೆ ಹಿಡಿದು ಕೂತಿದ್ದಳು.

"ನಡುರಾತ್ರಿ ಹೋದ ಕರೆಂಟು ಇನ್ನೂ ಬಂದಿಲ್ಲ. ಇಡೀ ಚಾಳು ಎದ್ದು ಅಂಗಳದಾಗ ಕುಂತಿತ್ತು. ನಿಮ್ಮ ಕದಾ ಎರಡ ಸಲ ಬಡದೆ, ಯಾರೂ ಏಳಲಿಲ್ಲ. ಹೆದರಿಕಿ ಬಂತು ನೋಡು. ಆಮ್ಯಾಲ ಕೆಳಗ ನೋಡಿದೆ, ಇಬ್ಬರ ಚಪ್ಪಲಿನೂ ಇಲ್ಲೇ ಇದ್ದುವು. ಒಳಗ ಮಲಗ್ಯಾರ, ಮಲಗಲಿ ಅಂತ ಬಿಟ್ಟೆ."

ನಾನು ಹೊಸ್ತಿಲ ಕೆಳಗೆ ನೋಡಿದೆ. ನನ್ನವು ಬಾಗಿಲ ಬಳಿ ಇದ್ದವು. ಅವರದೊಂದು ನನ್ನವುಗಳ ಮೇಲೆ, ಕರಿ ಹೊಲಿಗೆಯದು ತುಳಸಿ ಡಬ್ಬಿಯ ಹತ್ತಿರ ಮಗುಚಿ ಬಿದ್ದಿತ್ತು. ಅವನ್ನು ಮುಟ್ಟದೆ, ಕದ ಮುಂದೆ ಮಾಡಿ, ಒಳಗೆ ಬಂದೆ.